ಮೂರು ತಾಲ್ಲೂಕುಗಳ ಒಂದು ಕೂಟ

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ಕಡೆಯ ವಾಡಿಕೆ. ಅಡಿಕೆಯ ಧಾರಣೆಯ ಮಾತು ಬರಲಿ, ತೋಟಕ್ಕೆ ತಗುಲಿದ ಕೊಳೆರೋಗದ ಮಾತು ಬರಲಿ, ಹೆಣ್ಣು ಕೊಟ್ಟು ತರುವ ಮಾತು ಬರಲಿ, ಇವು ಮೂರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಜೊತೆಯಾಗಿ ನಿಲ್ಲುತ್ತವೆ. ಪಾಠಶಾಲೆಯ ಮಾತು ಬಂದಾಗ ಮಾತ್ರ ಈ ಬಾಂಧವ್ಯ ಕಾಣುವುದಿಲ್ಲ. ಗುಡ್ಡದ ಈಚೆಯ ಹೈಸ್ಕೂಲಿನಲ್ಲಿ ಉಪಾಧ್ಯಾಯರೊಬ್ಬರು ಒಂದು ಪಾಠವನ್ನು ಸೊಗಸಾಗಿ ಕಟ್ಟಿದರೆ ಅದರ ಸುದ್ದಿ ಗುಡ್ಡದ ಆಚೆಗೆ ದಾಟುವುದಿಲ್ಲ. ದಾಟಬೇಕಾದರೆ ಅವರಿಗೇ ವರ್ಗವಾಗಬೇಕು. ಆಗ ಈಚೆಯವರಿಗೆ ಅದು ಇಲ್ಲವಾಗುತ್ತದೆ.

ಗಣಕಯಂತ್ರದ ಮೂಲಕ ಕಲಿಸುವ, ಕಲಿಯುವ ತಂತ್ರಾಂಶಗಳಲ್ಲಿ ಆಸಕ್ತಿಯುಳ್ಳ ಕೆಲವರು ಕೂಡಿಕೊಂಡು ಈ ಮೂರು ತಾಲ್ಲೂಕುಗಳಿಗೆ ಒಂದು ಬಳಕೆದಾರರ ಕೂಟವನ್ನು ಕಟ್ಟುವ ಕೆಲಸಕ್ಕೆ ಕೈಹಾಕಿದ್ದೇವೆ. ಹೆಸರು ಕೇಳಿದೊಡನೆ ಇದೇನೋ ಬೆಂಗಳೂರಿನವರ ಬಿಡುವಿನ ವಿಲಾಸವೆಂದು ವಾಚಕರು ಪುಟ ತಿರುವಬಾರದು. ಇದರ ಹುಟ್ಟಿಗೆ ಕಾರಣವಾದದ್ದು ಒಂದು ನಷ್ಟ.

ನನಗೆ ಪರಿಚಿತರಾದ ಗಣಿತದ ಉಪಾಧ್ಯಾಯರೊಬ್ಬರಿದ್ದರು. ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗಿನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು ವಿದ್ಯಾರ್ಥಿಯಾಗಿದ್ದಾಗಲೇ ರಚಿಸಲು ತೊಡಗಿದ ಜಿಯೊಜಿಬ್ರಾ ಎಂಬ ತಂತ್ರಾಂಶ ಅವರಿಗೆ ಅದು ಹೇಗೋ ಹಿಡಿಸಿತು. ರೇಖಾಗಣಿತದ ಚಿತ್ರವನ್ನು ಪರದೆಯ ಮೇಲೆ ಬರೆದು, ಅದರ ಒಂದು ಮೂಲೆಯನ್ನು ಹಿಡಿದೆಳೆದರೆ ಇಡೀ ಚಿತ್ರ ತನ್ನ ನಿಯಮವನ್ನು ಬಿಡದೆ ಜರುಗುವಂತೆ ಮಾಡುವ ಸಾಧನ ಅದು. ಇವರು ಐದಾರು ವರ್ಷ ಕುಳಿತು ನಲವತ್ತಕ್ಕೂ ಮೀರಿ ಪಾಠಗಳನ್ನು ಮಾಡಿದ್ದರು. ಅಡಿಕೆಮರದ ನೆರಳನ್ನಳೆದು ಮರದ ಎತ್ತರವನ್ನು ಕಂಡುಹಿಡಿಯುವ ಪಾಠವೊಂದು ಅದರಲ್ಲಿತ್ತು. ಸಮರೂಪ ತ್ರಿಭುಜಗಳು ಎಂದರೆ ಬೆದರುತ್ತಿದ್ದ ಹುಡುಗರು ಹೊತ್ತು ಇಳಿದಂತೆ ನೆರಳು ಉದ್ದವಾಗುವುದನ್ನು ಪರದೆಯಲ್ಲಿ ನೋಡಿ, ಮರುದಿನ ಅಳತೆಪಟ್ಟಿ ಹಿಡಿದು ತೋಟಕ್ಕೇ ಇಳಿದಿದ್ದರಂತೆ. ಅವರಿಗೆ ವರ್ಗವಾಯಿತು. ಶಾಲೆಯ ಗಣಕಯಂತ್ರಕ್ಕೆ ಯಾವುದೋ ರೋಗ ತಗುಲಿತೆಂದು ರಿಪೇರಿಯವರು ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿ ಹೋದರು. ಅದರಲ್ಲಿ ಏನಿತ್ತೆಂಬುದನ್ನು ಹೇಳುವವರು ಶಾಲೆಯಲ್ಲಿ ಒಬ್ಬರೂ ಇರಲಿಲ್ಲ. ಅವರ ಬಳಿಯಿದ್ದ ಪ್ರತಿ ಮಳೆಗಾಲದ ತೇವಕ್ಕೆ ಕೆಟ್ಟ ಹಳೆಯ ಲ್ಯಾಪ್‌ಟಾಪಿನೊಡನೆ ಹೋಯಿತು. ಐದು ವರ್ಷದ ದುಡಿಮೆಯಲ್ಲಿ ಇಂದು ಉಳಿದಿರುವುದು ಆ ಪಾಠ ಕೇಳಿದ ಹುಡುಗರ ನೆನಪು ಮಾತ್ರ.

ಇದರಲ್ಲಿ ಯಾರನ್ನು ದೂರುವುದು? ಯಂತ್ರವನ್ನು ಕೊಟ್ಟವರು ಕೊಟ್ಟರು. ತರಬೇತಿಯನ್ನು ನಡೆಸಿದವರು ನಡೆಸಿದರು. 2011ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಐಟಿ ಫಾರ್ ಚೇಂಜ್ ಎಂಬ ಬೆಂಗಳೂರಿನ ಸಂಸ್ಥೆಯೊಡಗೂಡಿ ಸರ್ಕಾರಿ ಹೈಸ್ಕೂಲುಗಳ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಉಪಾಧ್ಯಾಯರು ಹಣ ಕೊಡದೆ ಹಂಚಿಕೊಳ್ಳಬಹುದಾದ ಮುಕ್ತ ತಂತ್ರಾಂಶಗಳನ್ನು ಅಲ್ಲಿ ಕಲಿತರು. ತಾವು ಮಾಡಿದ ಪಾಠಸಾಮಗ್ರಿಯನ್ನು ಎಲ್ಲರೂ ಬಳಸಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಭಂಡಾರಕ್ಕೆ ಸೇರಿಸುವ ಏರ್ಪಾಡೂ ಆಯಿತು. ಇದು ದೊಡ್ಡ ಕೆಲಸ, ಕನ್ನಡದಲ್ಲಿ ನಡೆದ ಕೆಲಸ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಶಿವಮೊಗ್ಗದಲ್ಲಿ ಐದು ದಿನ ಕಲಿತು ನಗರದ ಕಡೆಯ ಬಸ್ಸು ಹತ್ತಿ ಊರಿಗೆ ಮರಳಿದ ಉಪಾಧ್ಯಾಯರಿಗೆ ಆರನೆಯ ದಿನ ಒಂದು ಗುಂಡಿ ಎಲ್ಲಿದೆಯೆಂದು ಮರೆತುಹೋದರೆ ಕೇಳುವುದು ಯಾರನ್ನು? ಅಲ್ಲಿ ಬೇಕಾದದ್ದು ಇನ್ನೊಂದು ತರಬೇತಿಯಲ್ಲ. ಅದೇ ತೊಡಕನ್ನು ಮೊನ್ನೆಯಷ್ಟೇ ದಾಟಿದ ಒಬ್ಬ ನೆರೆಯವನು.

ಬಳಕೆದಾರರ ಕೂಟವೆಂಬುದು ಇದೇ ಅರಿವಿನಿಂದ ಹುಟ್ಟಿದ್ದು. ಗಣಕಯಂತ್ರಗಳು ಕೋಣೆ ತುಂಬುವಷ್ಟು ದೊಡ್ಡವಾಗಿದ್ದ ಕಾಲದಲ್ಲಿ, 1955ರಲ್ಲಿ, ಅಮೆರಿಕದ ಲಾಸ್ ಏಂಜಲಿಸ್ ಸುತ್ತಮುತ್ತ ಐಬಿಎಂ 704 ಎಂಬ ಯಂತ್ರವನ್ನು ಕೊಳ್ಳಲಿದ್ದ ಸಂಸ್ಥೆಗಳವರು ಸೇರಿ ಒಂದು ಕೂಟ ಕಟ್ಟಿದರು. ವಿಮಾನ ಕಟ್ಟುವ ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಪೈಪೋಟಿಯವರಾದ ಕಂಪನಿಗಳೂ ಅದರಲ್ಲಿದ್ದವು. ಒಂದೇ ಲೆಕ್ಕದ ವಿಧಾನವನ್ನು ಹತ್ತು ಕಡೆ ಹತ್ತು ಜನ ಹೊಸದಾಗಿ ಬರೆಯುವುದು ಹುಚ್ಚುತನವೆಂದು ಅವರಿಗೆ ಹೊಳೆದಿತ್ತು. ಆ ಕೂಟಕ್ಕೆ ಅವರಿಟ್ಟ ಹೆಸರು ಶೇರ್. ಹಂಚಿಕೋ ಎಂದು ಅರ್ಥ. ಪೈಪೋಟಿಯವರಿಗೇ ಸಾಧ್ಯವಾದದ್ದು ಒಂದೇ ಪಠ್ಯಪುಸ್ತಕವನ್ನು ಪಾಠ ಮಾಡುವ ಉಪಾಧ್ಯಾಯರಿಗೆ ಸಾಧ್ಯವಾಗಬೇಡವೆ?

ಆದರೆ ನಮಗೆ ಧೈರ್ಯ ಕೊಟ್ಟದ್ದು ಲಾಸ್ ಏಂಜಲಿಸ್ ಅಲ್ಲ, ಹೆಗ್ಗೋಡು. ಸಾಗರ ತಾಲ್ಲೂಕಿನ ಆ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ನಾಟಕಕ್ಕಾಗಿ ದೇಶವಿಖ್ಯಾತವಾಯಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ಎಲ್ಲರಿಗೆ ತಿಳಿದಿದೆ. ಅಷ್ಟಾಗಿ ನೆನಪಿನಲ್ಲಿರದ ಸಂಗತಿಯೊಂದುಂಟು. 1973ರಲ್ಲಿ ಅವರು ಚಿತ್ರಸಮಾಜವನ್ನು ಆರಂಭಿಸಿದರು. ಸಿನಿಮಾ ಎಂಬ ಯಂತ್ರಕಲೆ ಅಂದು ಹಳ್ಳಿಯವರ ಪಾಲಿಗೆ ಪೇಟೆಯಿಂದ ಬಂದ ಮಾರಾಟದ ಸರಕಾಗಿತ್ತು. ಟಾಕೀಸಿನವರು ತೋರಿಸಿದ್ದನ್ನು ನೋಡುವುದು, ಎದ್ದು ಬರುವುದು. ಹೆಗ್ಗೋಡಿನಲ್ಲಿ ರೈತರೂ ಉಪಾಧ್ಯಾಯರೂ ಸತ್ಯಜಿತ್ ರಾಯ್, ಕುರೊಸಾವಾ ಮುಂತಾದವರ ಚಿತ್ರಗಳನ್ನು ತರಿಸಿ ನೋಡಿ, ನೋಡಿದ ಮೇಲೆ ಕುಳಿತು ಮಾತನಾಡಿದರು. ಆ ಮಾತುಕತೆಯೇ ಮುಖ್ಯವೆಂದು ನನ್ನ ಎಣಿಕೆ. ಪ್ರೊಜೆಕ್ಟರು ಬೇರೆ ಊರುಗಳಲ್ಲೂ ಇತ್ತು. ನೋಡಿದ ಮೇಲೆ ಕುಳಿತುಕೊಳ್ಳುವ ಪದ್ಧತಿ ಇರಲಿಲ್ಲ. ನಮ್ಮ ಶಾಲೆಗಳ ಗಣಕಯಂತ್ರದ ಕೋಣೆಗಳು ಇಂದು ಚಿತ್ರಸಮಾಜವಿಲ್ಲದ ಪ್ರೊಜೆಕ್ಟರಿನ ಸ್ಥಿತಿಯಲ್ಲಿವೆ.

ಇನ್ನು 2020ರ ಮಾತು. ಆ ವರ್ಷದ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿ, ಪಾಠವೆಲ್ಲ ಫೋನಿಗೆ ಬಂದಾಗ ಮಲೆನಾಡಿನ ಮಕ್ಕಳು ಸಂಕೇತ ಸಿಗುವ ಗುಡ್ಡಗಳನ್ನು ಹುಡುಕಿಕೊಂಡು ಹೋದರು. ನೆತ್ತಿಯ ಮೇಲೆ ನಾಲ್ಕು ಗಳು ನೆಟ್ಟು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಳೆಯಲ್ಲಿ ಛತ್ರಿ ಹಿಡಿದು ಪಾಠ ಕೇಳಿದರು. ಸಂಪರ್ಕವಿಲ್ಲದಿದ್ದರೆ ಮತವಿಲ್ಲವೆಂಬ ಕೂಗು ಹಳ್ಳಿಗಳಲ್ಲಿ ಎದ್ದದ್ದು ಆ ಬಳಿಕ. ಪಠ್ಯಪುಸ್ತಕದ ಪುಟದಲ್ಲಿ ದೀಕ್ಷಾ ಪಾಠಗಳಿಗೆ ದಾರಿ ತೋರುವ ಕಪ್ಪುಬಿಳಿ ಚೌಕವೊಂದನ್ನು ಅಚ್ಚು ಮಾಡಿರುತ್ತಾರೆ. ಸಂಪರ್ಕವಿಲ್ಲದ ಊರಿನಲ್ಲಿ ಅದು ಬರಿಯ ರಂಗೋಲಿ. ಹುಲಿಕಲ್ಲು, ಆಗುಂಬೆಗಳ ಮಳೆಯನ್ನು ಕಂಡವರಿಗೆ ವಿದ್ಯುತ್ತು ಮತ್ತು ಸಂಪರ್ಕ ಎಂಬ ಎರಡು ದೇವತೆಗಳು ಆಷಾಢದಲ್ಲಿ ಒಟ್ಟಿಗೆ ಮುನಿಯುವ ಪರಿ ಗೊತ್ತು. ಆದ್ದರಿಂದ ನಮ್ಮ ಕೂಟದ ಮೊದಲ ಪ್ರಶ್ನೆ, ಇವೆರಡೂ ಇಲ್ಲದಾಗ ನಡೆಯುವ ಇ-ಕಲಿಕೆ ಯಾವುದು ಎಂಬುದೇ ಆಯಿತು.

ಮೊದಲ ಸಲ ನಾವು ಸೇರಿದ್ದು ರಿಪ್ಪನ್‌ಪೇಟೆಯಲ್ಲಿ. ಮೂರು ತಾಲ್ಲೂಕುಗಳ ದಾರಿಯೂ ಅಲ್ಲಿ ಕೂಡುತ್ತದೆಂಬುದೊಂದೇ ಅದಕ್ಕೆ ಕಾರಣ. ಹನ್ನೊಂದು ಜನ ಬಂದಿದ್ದರು: ಏಳು ಮಂದಿ ಉಪಾಧ್ಯಾಯರು, ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಮನೆಯಿಂದಲೇ ಬೆಂಗಳೂರಿನ ಕಂಪನಿಯ ಕೆಲಸ ಮಾಡುವ ತೋಟದ ಮನೆಯ ತರುಣನೊಬ್ಬ, ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತನಾದ ನಾನು. ಆ ತರುಣನು ಕಿಸೆಯಿಂದ ಒಂದು ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲಿಟ್ಟ. ಬೆಂಕಿಪೊಟ್ಟಣವನ್ನು ಸ್ವಲ್ಪ ಹಿಗ್ಗಿಸಿದಷ್ಟು ಗಾತ್ರ. ಒಳಗಿರುವುದು ರಾಸ್ಪ್‌ಬೆರಿ ಪೈ ಎಂಬ ಕಿರುಗಣಕ. ಅದರಲ್ಲಿ ಸ್ವಿಟ್ಜರ್ಲೆಂಡಿನ ಉಪಾಧ್ಯಾಯರೊಬ್ಬರು ಸಿದ್ಧಪಡಿಸಿ ಲೋಕಕ್ಕೆ ಬಿಟ್ಟುಕೊಟ್ಟ ಮೂಡಲ್‌ಬಾಕ್ಸ್ ಎಂಬ ಏರ್ಪಾಡನ್ನು ತುಂಬಿದ್ದ. ಫೋನಿಗೆ ಊಡುವ ಬ್ಯಾಟರಿಯನ್ನೇ ಇದಕ್ಕೂ ಚುಚ್ಚಿದ. ಎರಡು ನಿಮಿಷಗಳಲ್ಲಿ ನಮ್ಮೆಲ್ಲರ ಫೋನುಗಳಲ್ಲೂ ಒಂದು ಹೊಸ ವೈಫೈ ಕಾಣಿಸಿಕೊಂಡಿತು. ಅದಕ್ಕೆ ಸೇರಿಕೊಂಡರೆ ಒಂದು ಪಾಠಶಾಲೆ! ಪಾಠವಿದೆ, ಚಿತ್ರವಿದೆ, ಪ್ರಶ್ನೆಗಳಿವೆ. ಉತ್ತರ ಬರೆದರೆ ತಿದ್ದಿ ಅಂಕ ಕೊಡುತ್ತದೆ. ಹೊರಗಿನ ಇಂಟರ್‌ನೆಟ್ಟಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಡುವೆ ಕರೆಂಟು ಹೋಯಿತು. ಕೋಣೆಯ ಪಂಖ ನಿಂತಿತು, ಪೆಟ್ಟಿಗೆ ನಿಲ್ಲಲಿಲ್ಲ. ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಆಗಲೇ.

ಮೂಡಲ್ ಎಂಬ ಆ ತಂತ್ರಾಂಶದ ವಿಚಾರ ಎರಡು ಮಾತು ಹೇಳಬೇಕು. ಕನ್ನಡದ ಕಿವಿಗೆ ಅದು ಮೂಡಣ ದಿಕ್ಕಿನ ಹೆಸರಿನಂತೆ ಕೇಳುತ್ತದೆ. ಪಡುವಲಪಾಯದ ಯಕ್ಷಗಾನದ ಸೀಮೆಗೆ ಈಗ ಮೂಡಲ್ ಬಂತೆಂದು ನಮ್ಮಲ್ಲೊಬ್ಬರು ವಿನೋದ ಮಾಡಿದರು. ಅದು ಹುಟ್ಟಿದ್ದು ಆಸ್ಟ್ರೇಲಿಯದ ಪಶ್ಚಿಮದ ಅಂಚಿನ ಪರ್ತ್ ನಗರದಲ್ಲಿ. ಅದರ ಕರ್ತೃ ಮಾರ್ಟಿನ್ ಡೂಗಿಯಾಮಸ್ ಅವರ ಬಾಲ್ಯ ಕಳೆದದ್ದು ಶಾಲೆಯೇ ಇಲ್ಲದ ಮರುಭೂಮಿಯ ನಡುವೆ. ಅಲ್ಲಿಯ ಮಕ್ಕಳಿಗೆ ಪಾಠ ರೇಡಿಯೊ ಮೂಲಕ ಬರುತ್ತಿತ್ತು; ಪುಸ್ತಕದ ಕಟ್ಟು ವಿಮಾನದಲ್ಲಿ ಬರುತ್ತಿತ್ತು. ಹಾಗೆ ಕಲಿತ ಹುಡುಗ ದೊಡ್ಡವನಾಗಿ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತ, ಅಲ್ಲಿ ಬಳಕೆಯಲ್ಲಿದ್ದ ಮಾರಾಟದ ತಂತ್ರಾಂಶದಿಂದ ತೃಪ್ತನಾಗದೆ ತನ್ನದೊಂದನ್ನು ಬರೆದ. ಅದರ ಮೊದಲ ಆವೃತ್ತಿಯನ್ನು 2002ರ ಆಗಸ್ಟಿನಲ್ಲಿ ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂಬ ಕರಾರಿನ ಮೇಲೆ ಬಿಡುಗಡೆ ಮಾಡಿದ. ಅವನ ಮರಳುಗಾಡಿನಲ್ಲಿ ದೂರ ಮಾಡಿದ್ದನ್ನು ನಮ್ಮ ಕಾಡಿನಲ್ಲಿ ಮಳೆ ಮಾಡುತ್ತದೆ.

ಇಷ್ಟು ಹೇಳಿದರೆ ಕೆಲಸ ಹೂವಿನ ಹಾಗೆ ನಡೆಯಿತೆಂದು ತೋರೀತು. ಎರಡನೆಯ ಸಲ ಸೇರಿದಾಗ ನಿಜವಾದ ತೊಡಕು ಎದುರಾಯಿತು. ಅದು ಯಂತ್ರದ್ದಲ್ಲ, ಅಕ್ಷರದ್ದು. ಎಲ್ಲರೂ ತಮ್ಮ ತಮ್ಮ ಪ್ರಶ್ನೆಪತ್ರಿಕೆಗಳನ್ನು ತರಬೇಕೆಂದು ಗೊತ್ತುಮಾಡಿದ್ದೆವು. ಒಬ್ಬೊಬ್ಬರ ಬಳಿಯೂ ಹತ್ತು ಹದಿನೈದು ವರ್ಷದ ಸಂಗ್ರಹ, ಬಹುಪಾಲು ನುಡಿಯ ಹಳೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದು. ಅದನ್ನು ನಕಲು ಮಾಡಿ ಮೂಡಲ್‌ಗೆ ಹಾಕಿದರೆ ಕನ್ನಡ ಮಾಯವಾಗಿ ರೋಮನ್ ಅಕ್ಷರಗಳೂ ಕೊಕ್ಕೆ ಚುಕ್ಕೆಗಳೂ ಸೇರಿದ ಅರ್ಥವಿಲ್ಲದ ಗೊಂಚಲು ಕಾಣಿಸಿತು. ಹಿರಿಯ ವಿಜ್ಞಾನ ಉಪಾಧ್ಯಾಯಿನಿಯೊಬ್ಬರ ಮುಖ ಬಾಡಿದ್ದನ್ನು ನಾನು ಮರೆಯಲಾರೆ. “ಇಷ್ಟು ವರ್ಷ ನಾನು ಟೈಪು ಮಾಡಿದ್ದು ಕನ್ನಡವೇ ಅಲ್ಲವೇ ಸಾರ್?” ಎಂದು ಕೇಳಿದರು.

ಒಂದು ದೃಷ್ಟಿಯಿಂದ ಅಲ್ಲ. ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಹಳೆಯ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಅಂಟಿಸಿ ಕೆಲಸ ನಡೆಸಿದವು. ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದ ಒಳಗಿರುವುದು ರೋಮನ್ ಸಂಖ್ಯೆ. ಅಂದಿಗೆ ಬೇರೆ ದಾರಿಯಿರಲಿಲ್ಲ. ಅವುಗಳಿಂದಲೇ ಕನ್ನಡ ಕಛೇರಿಗಳಿಗೂ ಅಚ್ಚಿನ ಮನೆಗಳಿಗೂ ಬಂತು. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳು ದೊರೆತಿದ್ದವು. ಬೇರೆಯವರ ಮನೆಯ ಜಗಲಿಯಲ್ಲಿ ಮಲಗುತ್ತಿದ್ದವನಿಗೆ ಸ್ವಂತ ಮನೆಯಾದ ಹಾಗೆ. ಆದರೆ ಉಪಾಧ್ಯಾಯರ ಸಾಮಾನು ಸರಂಜಾಮೆಲ್ಲ ಹಳೆಯ ಜಗಲಿಯಲ್ಲಿಯೇ ಉಳಿದಿತ್ತು. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಚಾರವನ್ನು ಅಷ್ಟು ಹಟದಿಂದ ಎತ್ತುತ್ತಿದ್ದುದೇಕೆಂಬುದು ಆ ಮಧ್ಯಾಹ್ನ ನಮಗೆ ಮನವರಿಕೆಯಾಯಿತು.

ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಉಚಿತ ಸಾಧನಗಳುಂಟು. ಅವು ನೂರಕ್ಕೆ ತೊಂಬತ್ತು ಪಾಲು ಸರಿಯಾಗಿಯೇ ಮಾಡುತ್ತವೆ. ಉಳಿದ ಹತ್ತರಲ್ಲಿ ಅರ್ಕಾವತ್ತು ಜಾರಿ ಪಕ್ಕದ ಅಕ್ಷರವನ್ನು ಸೇರುತ್ತದೆ, ಒತ್ತಕ್ಷರ ತನ್ನ ಒಡೆಯನನ್ನು ಬಿಟ್ಟು ಹೋಗುತ್ತದೆ. ಸಾಲುಸಾಲಾಗಿ ಓದಿ ತಿದ್ದಬೇಕು. ಇದು ಒಬ್ಬರೇ ಕುಳಿತು ಮಾಡಿದರೆ ಬೇಸರ ಹುಟ್ಟಿಸುವ ಕೆಲಸ. ಆರು ಜನ ಕುಳಿತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಿದ್ದಿದರೆ ಅಡಿಕೆ ಸುಲಿಯುವ ರಾತ್ರಿಯಂತೆ ಹರಟೆಯ ನಡುವೆ ಮುಗಿಯುತ್ತದೆ. ಮೂರು ಭಾನುವಾರಗಳಲ್ಲಿ ಆ ಉಪಾಧ್ಯಾಯಿನಿಯ ವಿಜ್ಞಾನದ ಪ್ರಶ್ನೆಗಳೆಲ್ಲ ಹೊಸ ಮನೆಗೆ ಬಂದವು. ಈಗ ಹೊಸ ಪ್ರಶ್ನೆಗಳನ್ನು ಅವರು ಫೋನಿನಲ್ಲಿಯೇ ಬರೆಯುತ್ತಾರೆ. ಗಿಫ್ಟ್ ಎಂಬ ಸರಳವಾದ ಬರಹದ ಕ್ರಮವೊಂದಿದೆ: ಪ್ರಶ್ನೆ ಬರೆದು, ಬಾಗಿದ ಆವರಣದೊಳಗೆ ಸರಿಯುತ್ತರದ ಹಿಂದೆ ಸಮಚಿಹ್ನೆ, ತಪ್ಪುತ್ತರದ ಹಿಂದೆ ಅಲೆಯಂಥ ಗೆರೆ ಹಾಕಿದರೆ ಸಾಕು, ಮೂಡಲ್ ಅದನ್ನು ಓದಿಕೊಳ್ಳುತ್ತದೆ. ಬಸ್ಸಿನಲ್ಲಿ ಕುಳಿತೇ ಬರೆಯಬಹುದೆಂದು ಅವರ ಅನುಭವ.

ಮೂಡಲ್‌ನ ಕನ್ನಡದ ಮುಖ ಇನ್ನೂ ಅರ್ಧ ಇಂಗ್ಲಿಷಿನಲ್ಲಿದೆ. ಅದನ್ನು ಪೂರ್ಣಗೊಳಿಸುವುದು ಬಳಕೆದಾರರ ಕೈಯಲ್ಲಿಯೇ ಇದೆ. ಕ್ವಿಜ್ ಎಂಬುದಕ್ಕೆ ರಸಪ್ರಶ್ನೆ ಎಂದರೆ ಮಕ್ಕಳು ಆಕಾಶವಾಣಿಯ ಸ್ಪರ್ಧೆಯೆಂದು ಭಾವಿಸುತ್ತಾರೆ. ಕಿರುಪರೀಕ್ಷೆ ಎಂದರೆ ಹೆದರುತ್ತಾರೆ. ಒಂದು ಗಂಟೆ ಚರ್ಚಿಸಿ ಯಾವುದನ್ನೂ ನಿರ್ಣಯಿಸದೆ ಊಟಕ್ಕೆ ಎದ್ದೆವು. ಇಂಥ ಚರ್ಚೆ ಮುಗಿಯದಿರುವುದೇ ಒಳ್ಳೆಯದೆಂದು ತೋರುತ್ತದೆ.

ಕೂಟದ ಕಟ್ಟುಕಟ್ಟಳೆಗಳು ಕೆಲವೇ. ಅಧ್ಯಕ್ಷರಿಲ್ಲ, ಹಾರವಿಲ್ಲ. ಸೇರುವ ಹೊತ್ತು ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರ ತನಕ. ಇದು ಬಸ್ಸಿನ ವೇಳೆಯನ್ನು ನೋಡಿ ಮಾಡಿದ್ದು, ಯಾಕೆಂದರೆ ಹೊತ್ತು ಮುಳುಗುವ ಮೊದಲು ಮನೆ ಸೇರಲಾಗದ ಕೂಟಕ್ಕೆ ಹೆಂಗಸರು ಬರುವುದಿಲ್ಲ, ಹೆಂಗಸರು ಬರದ ಕೂಟದಲ್ಲಿ ನಮ್ಮ ಉಪಾಧ್ಯಾಯ ವರ್ಗದ ಅರ್ಧವೇ ಇರುವುದಿಲ್ಲ. ಬಂದವರು ಏನನ್ನಾದರೂ ತೋರಿಸಬೇಕು, ಇಲ್ಲವೆ ಏನನ್ನಾದರೂ ಕೇಳಬೇಕು. ಮಾರಾಟಕ್ಕೆ ಎಡೆಯಿಲ್ಲ. ಈ ಕೊನೆಯದನ್ನು ಸೇರಿಸಿದ್ದು ಪಾಠಗಳ ಟ್ಯಾಬ್ಲೆಟ್ಟು ಮಾರುವ ಮಹಾಶಯರೊಬ್ಬರು ಒಮ್ಮೆ ಬಂದು ನಮ್ಮ ಒಂದೂವರೆ ಗಂಟೆಯನ್ನು ನುಂಗಿದ ಮೇಲೆ.

ಇದೆಲ್ಲವನ್ನೂ ಕೇಳಿದ ಹಿರಿಯ ಬಂಧುಗಳೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. “ಮಾರಾಯ, ಮಕ್ಕಳ ಕೈಯಿಂದ ಫೋನು ಬಿಡಿಸುವುದು ಹೇಗೆಂದು ನಾವು ಒದ್ದಾಡುತ್ತಿರುವಾಗ ನೀನು ಹಿಡಿಸಲು ಹೊರಟಿದ್ದೀಯಲ್ಲ!” ಎಂದರು. ಅವರ ಆತಂಕ ಸುಳ್ಳಲ್ಲ. ಫೋನಿನೆದುರು ಮಗುವನ್ನು ಒಂಟಿಯಾಗಿ ಕೂರಿಸಿ ಅದನ್ನೇ ವಿದ್ಯೆಯೆಂದು ಕರೆಯುವುದು ನನಗೂ ಒಪ್ಪಿಗೆಯಲ್ಲ. ನೆರಳಿನ ಪಾಠದ ಬೆಲೆಯಿದ್ದದ್ದು ಅದು ಹುಡುಗರನ್ನು ಪರದೆಯಿಂದೆಬ್ಬಿಸಿ ತೋಟಕ್ಕೆ ಕಳಿಸಿದ್ದರಲ್ಲಿ. ಇಂಥ ಪಾಠ ಯಾವುದು, ಬರಿಯ ಬಣ್ಣದ ಬೊಂಬೆ ಯಾವುದು ಎಂದು ಆರಿಸುವವರು ಬೇಕು. ಆರಿಸಬೇಕಾದರೆ ಹತ್ತನ್ನು ನೋಡಿದವರು ಒಂದೆಡೆ ಕೂರಬೇಕು. ಬಂಧುಗಳಿಗೆ ಈ ಉತ್ತರದಿಂದ ಸಮಾಧಾನವಾದಂತೆ ಕಾಣಲಿಲ್ಲ. ಮುಂದಿನ ಸಲ ಬಂದು ನೋಡುತ್ತೇನೆಂದು ಮಾತ್ರ ಹೇಳಿದ್ದಾರೆ.

ಮೂಡಲ್‌ನಲ್ಲಿ ಕಟ್ಟಿದ ಒಂದು ಪಾಠಕ್ರಮವನ್ನು ಪ್ರಶ್ನೆ, ಚಿತ್ರ, ಟಿಪ್ಪಣಿಗಳ ಸಮೇತ ಒಂದೇ ಗಂಟಾಗಿ ಕಟ್ಟಿ ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದು. ಇನ್ನೊಂದು ಕಡೆಯ ಪೆಟ್ಟಿಗೆಯಲ್ಲಿ ಬಿಚ್ಚಿದರೆ ಹಾಗೆಯೇ ತೆರೆದುಕೊಳ್ಳುತ್ತದೆ. ತೀರ್ಥಹಳ್ಳಿಯ ಕಡೆಯವರು ಮಾಡಿದ ಬೆಳಕಿನ ಪಾಠವೊಂದು ಹೀಗೆ ಸಾಗರದ ಕಡೆಗೆ ಹೋಗಿ, ಅಲ್ಲಿ ಎರಡು ಪ್ರಶ್ನೆ ಹೆಚ್ಚಿಸಿಕೊಂಡು, ಒಂದು ತಪ್ಪನ್ನು ತಿದ್ದಿಸಿಕೊಂಡು ಮರಳಿ ಬಂದಿದೆ. ಪ್ರತಿಯೊಂದು ಗಂಟಿನ ಒಂದೊಂದು ಪ್ರತಿ ಮೂರು ತಾಲ್ಲೂಕಿನಲ್ಲಿ ಮೂವರ ಬಳಿ ಇರಬೇಕೆಂದು ಮಾಡಿಕೊಂಡಿದ್ದೇವೆ. ನಲವತ್ತು ಪಾಠ ಕಳೆದುಕೊಂಡ ಆ ಗಣಿತದ ಉಪಾಧ್ಯಾಯರಿಗೂ ಪತ್ರ ಬರೆದಿದ್ದೆ. ಈಗ ಅವರಿರುವುದು ಬಯಲುಸೀಮೆಯಲ್ಲಿ. ನೆರಳಿನ ಪಾಠವನ್ನು ನೆನಪಿನಿಂದ ಮತ್ತೆ ಮಾಡಿ ಕಳಿಸಿದ್ದಾರೆ. ಈ ಸಲ ಅಡಿಕೆಮರದ ಬದಲು ತೆಂಗಿನಮರವಿದೆ.

ಮುಂದಿನ ಸಲ ತುಮರಿಯ ಕಡೆ ಸೇರಬೇಕೆಂದು ಮಾತಾಗಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿಕೊಂಡಂದಿನಿಂದ ಆ ಸೀಮೆಯವರು ಸಾಗರಕ್ಕೆ ಬರಬೇಕಾದರೆ ಲಾಂಚಿನ ದಾರಿ ಕಾಯಬೇಕಾಗಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಹೊಳೆಯಾಚೆಯ ಉಪಾಧ್ಯಾಯರಿಬ್ಬರು ಇಷ್ಟು ದಿನ ನಮ್ಮಲ್ಲಿಗೆ ಬಂದರು. ಇನ್ನು ನಾವು ಹೋಗುವುದು ನ್ಯಾಯ. ಬರುವವರು ಒಂದು ಫೋನನ್ನೂ, ತಾವು ಮಾಡಿದ ಒಂದು ಪಾಠವನ್ನೂ, ಹಳೆಯ ನುಡಿಯಲ್ಲಿರುವ ಪ್ರಶ್ನೆಪತ್ರಿಕೆಗಳಿದ್ದರೆ ಅವನ್ನೂ ತರಬೇಕು. ಮಧ್ಯಾಹ್ನದ ಊಟ ಅಲ್ಲಿಯವರದು.